ಗುಜರಿಗೂ ಹಾಕಬೇಡಿ, ಮೇಲೆ ಬಣ್ಣವನ್ನೂ ಬಳಿಯಬೇಡಿ

(ಕೊಕ್ಕನೂರಿನಲ್ಲಿ ನಡೆದ ಯೌವನಸ್ಥರ ಕೂಟದಲ್ಲಿ ಕೊಟ್ಟ ದೇವರ ಸಂದೇಶದ ಬರಹ ರೂಪ)

ವಾಕ್ಯಭಾಗ: ಗಲಾತ್ಯದವರಿಗೆ 6:1-2, ಯೋಹಾನ 21:9-17

ದಾವಣಗೆರೆಯಿಂದ, ಹರಿಹರದಿಂದ ಇಷ್ಟು ದೂರ ಬೈಕ್ ಮೇಲೆ, ಬಸ್ಸಲ್ಲಿ ಬಂದಿದ್ದೀರಿ. ಈ ಊರಿನ ನಮ್ಮ ವಿಶ್ವಾಸಿ ಕುಟುಂಬ ತಮ್ಮ ಅಂಗಳ ಬಿಟ್ಟುಕೊಟ್ಟು, ಬೆಳಿಗ್ಗೆಯಿಂದ ಅಡುಗೆ ಮಾಡಿ ಕಾಯ್ತಾ ಇದ್ದಾರೆ. ಅವರಿಗಾಗಿ ದೇವರಿಗೆ ಸ್ತೋತ್ರ ಸಲ್ಲಿಸೋಣ. ಹಲ್ಲೆಲೂಯಾ!

ಬೈಬಲ್ ತೆರೀರಿ. ಮೊಬೈಲ್‌ನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡಿ. ಗಲಾತ್ಯದವರಿಗೆ ಬರೆದ ಪತ್ರ, ಆರನೇ ಅಧ್ಯಾಯ, ಮೊದಲನೇ ವಚನ. ಪೌಲನು ಅಲ್ಲಿ ಹೇಳೋದು ಇಷ್ಟು: ಸಭೆಯಲ್ಲಿ ಯಾರಾದರೂ ಒಂದು ಪಾಪದಲ್ಲಿ ಸಿಕ್ಕಿಬಿದ್ದರೆ, ಆತ್ಮನಿಂದ ನಡೆಯುವ ನೀವು ಅವನನ್ನು ಸರಿಮಾಡಬೇಕು, ಅದನ್ನು ಸಾತ್ವಿಕ ಭಾವದಿಂದ ಮಾಡಬೇಕು, ನಿಮ್ಮ ಮೇಲೂ ನಿಮಗೆ ಎಚ್ಚರ ಇರಬೇಕು. ಇಂಗ್ಲಿಷ್ ಬೈಬಲ್ ಓದೋರಿಗೆ ಅಲ್ಲಿ ಸಿಗೋ ಪದ "ರಿಸ್ಟೋರ್". ಇವತ್ತಿನ ಸಂದೇಶ ಈ ಒಂದು ಪದದ ಮೇಲೆ.

ಈ ಪದ ನಿಮಗೆ ಹೊಸದಲ್ಲ. ನಮ್ಮ ಯೂತ್ ಗ್ರೂಪಿನಲ್ಲಿ ನೀವು ಕಳಿಸೋ ರೀಲ್ಸ್ ನಾನೂ ನೋಡ್ತೀನಿ. ತುಕ್ಕು ಹಿಡಿದ ಒಂದು ಹಳೆ ಅಮೆರಿಕನ್ ಕಾರು, ಒಳಗೆ ಗಿಡ ಬೆಳೆದಿದೆ, ಸೀಟಲ್ಲಿ ಇಲಿ ಗೂಡು. ಮೂವತ್ತು ಸೆಕೆಂಡ್ ಮ್ಯೂಸಿಕ್. ಅಷ್ಟರಲ್ಲಿ ಅದೇ ಕಾರು ಕನ್ನಡಿ ಹಾಗೆ ಹೊಳೀತಾ ಹೊರಗೆ ಬರುತ್ತೆ. ಹೋದ ತಿಂಗಳು ಒಬ್ಬ ತಮ್ಮ ಕಳಿಸಿದ್ದು 1959ರ ಕ್ಯಾಡಿಲಾಕ್. ಹಿಂದೆ ಎರಡು ರೆಕ್ಕೆ, ರೆಕ್ಕೆಯಲ್ಲಿ ಗುಂಡಿನ ಆಕಾರದ ಕೆಂಪು ಲೈಟು. ಆ ಕಾರಿನ ಉದ್ದ 225 ಇಂಚು, ಹತ್ತಿರ ಹತ್ತಿರ ಹತ್ತೊಂಬತ್ತು ಅಡಿ. ಎರಡು ಆಟೋ ಒಂದರ ಹಿಂದೊಂದು ನಿಲ್ಲಿಸಿದ್ರೂ ಅದಕ್ಕೆ ಸಮ ಬರಲ್ಲ. ಕೆಳಗೆ ಆ ತಮ್ಮ ಬರೆದಿದ್ದ: "ಪಾಸ್ಟರ್, ದೇವರು ನಮ್ಮನ್ನೂ ಹೀಗೇ ಮಾಡ್ತಾನೆ."

ಆಮೆನ್, ಮಾಡ್ತಾನೆ. ಆದ್ರೆ ಮೂವತ್ತು ಸೆಕೆಂಡಿನಲ್ಲಿ ಮಾಡ್ತಾನಾ? ಆ ಪ್ರಶ್ನೆ ಹಿಡ್ಕೊಂಡು ಇವತ್ತು ಆ ಕಾರಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ಯಾಕಂದ್ರೆ ನಮ್ಮ ಸಭೆಯಲ್ಲಿ ಈಗ ಒಬ್ಬ ಮಗನ ವಿಷಯದಲ್ಲಿ ನಾವೆಲ್ಲ ಆ ರೀಲ್ಸ್ ನೋಡೋ ಹಾಗೇ ನೋಡ್ತಾ ಇದ್ದೀವಿ. ಅವನ ವಿಷಯಕ್ಕೆ ಆಮೇಲೆ ಬರ್ತೀನಿ.

ಒಂದು: ಮಾರಿಬಿಡಿ ಅಂತ ಹೇಳಬೇಕಾದವನು ಬೇಡ ಅಂದ

ಮೊದಲು ಈ ಕಾರಿನ ಹುಟ್ಟಿನ ಕಥೆ ಕೇಳ್ರಿ. 1902. ಅಮೆರಿಕದ ಡೆಟ್ರಾಯಿಟ್ ಪಟ್ಟಣ. ಹೆನ್ರಿ ಫೋರ್ಡ್ ತನ್ನ ಹೆಸರಿನ ಒಂದು ಕಂಪನಿಯನ್ನ ಬಿಟ್ಟು ಹೊರಗೆ ಹೋಗಿದ್ದ. ದುಡ್ಡು ಹಾಕಿದವರು, ಇನ್ನು ಇದು ನಡೆಯಲ್ಲ, ಮುಚ್ಚಿಬಿಡೋಣ ಅಂತ ತೀರ್ಮಾನ ಮಾಡಿದ್ರು. ಮಷಿನ್‌ಗಳಿಗೆ ಬೆಲೆ ಕಟ್ಟೋಕೆ ಒಬ್ಬ ಅನುಭವಸ್ಥನನ್ನ ಕರೆಸಿದ್ರು. ಅವನ ಹೆಸರು ಹೆನ್ರಿ ಲೆಲ್ಯಾಂಡ್. ನಮ್ಮ ಬಸ್ಸು ಲಾರಿ ಮೇಲೆ ಇರೋ ಲೇಲ್ಯಾಂಡ್‌ಗೂ ಇವನಿಗೂ ಸಂಬಂಧ ಇಲ್ಲ. ಇವನು ಕೂದಲೆಳೆ ಅಳತೆಯಲ್ಲಿ ಲೋಹ ಕೊರೆಯೋ ಕೆಲಸದಲ್ಲಿ ಪಳಗಿದವನು.

ಗುಜರಿಯವನು ಬಂದು ತಕ್ಕಡಿ ಹಿಡಿದ ಹಾಗೆ ಅವನೂ ಬೆಲೆ ಹೇಳಿ, ತನ್ನ ಕೂಲಿ ತಗೊಂಡು ಹೋಗಬಹುದಿತ್ತು. ಅವನು ಎಲ್ಲ ನೋಡಿ ಹೇಳಿದ್ದು ಬೇರೆ. ಮಾರಬೇಡಿ, ನನ್ನ ಹತ್ತಿರ ಒಂದು ಎಂಜಿನ್ ಇದೆ, ಅದನ್ನ ಇಲ್ಲಿ ಕೂರಿಸಿ ಕಾರು ಮಾಡೋಣ ಅಂತ ಒಪ್ಪಿಸಿದ. 1701ರಲ್ಲಿ ಡೆಟ್ರಾಯಿಟ್ ಊರನ್ನ ಕಟ್ಟಿದ ಫ್ರೆಂಚ್ ಮನುಷ್ಯನ ಹೆಸರನ್ನ ಆ ಕಂಪನಿಗೆ ಇಟ್ರು. ಅದೇ ಕ್ಯಾಡಿಲಾಕ್. ಮುಂದೆ ಐವತ್ತು ವರ್ಷ ಆದ ಮೇಲೆ ಅಮೆರಿಕದಲ್ಲಿ ಸಿನಿಮಾ ನಟರು, ಶ್ರೀಮಂತರು ಆಸೆಪಟ್ಟು ಕೊಂಡುಕೊಳ್ಳೋ ಕಾರು ಯಾವುದು ಅಂದ್ರೆ, ಒಂದು ಕಾಲದಲ್ಲಿ ಹರಾಜಿನ ಬಾಗಿಲಿಗೆ ಬಂದಿದ್ದ ಈ ಕಂಪನಿಯ ಕಾರು.

ದೇವಜನರೇ, ಬೆಲೆ ಕಟ್ಟಿ ಹೊರಗೆ ಹಾಕೋ ಅಧಿಕಾರ ಇದ್ದ ಒಬ್ಬನೇ ಒಬ್ಬನು ನಮ್ಮನ್ನ ನೋಡಿ "ಬೇಡ" ಅಂದ. ಯೋಹಾನ ಎಂಟರಲ್ಲಿ ಕಲ್ಲು ಹಿಡಿದು ನಿಂತವರ ಮಧ್ಯೆ ಆ ಹೆಣ್ಣುಮಗಳು ನಿಂತಿದ್ದಳು. ಕಲ್ಲು ಎಸೆಯೋಕೆ ಯೋಗ್ಯನಾದವನು ಅಲ್ಲಿ ಯೇಸು ಸ್ವಾಮಿ ಒಬ್ಬನೇ. ಆತನೇ ಎಸೆಯಲಿಲ್ಲ. ಹಾಗಂತ ಅವಳ ಪಾಪವನ್ನ ಪಾಪ ಅಲ್ಲ ಅಂತಾನೂ ಹೇಳಲಿಲ್ಲ. ಹೋಗು, ಇನ್ನು ಮೇಲೆ ಪಾಪ ಮಾಡಬೇಡ ಅಂದ. ಎರಡೂ ಹೇಳಿದ. ಈ ಎರಡನ್ನೂ ಒಟ್ಟಿಗೆ ಹಿಡಿಯೋಕೆ ನಮ್ಮ ಸಭೆಗಳಿಗೆ ಇನ್ನೂ ಕಷ್ಟ ಆಗ್ತಾ ಇದೆ.

ಎರಡು: ಬಣ್ಣದ ಕೆಳಗೆ ಏನಿದೆ?

ನಮ್ಮ ಸಭೆಯಲ್ಲಿ ಒಬ್ಬ ಹಿರಿಯ ಅಂಕಲ್ ಇದ್ದಾರೆ. ಹೆಸರು ಹೇಳಿದ್ರೆ ಅವರಿಗೆ ಇಷ್ಟ ಆಗಲ್ಲ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ಶುರುವಾದ ಆ ಕಾರ್ಖಾನೆ ಲೇತ್ ಮಷಿನ್ ಮಾಡಿ ದೇಶಕ್ಕೆಲ್ಲ ಕಳಿಸ್ತಿತ್ತು. ಇಲ್ಲಿ ಕೂತಿರೋ ಎಷ್ಟೋ ಜನರ ಅಪ್ಪ, ತಾತ ಅಲ್ಲಿ ದುಡಿದವರು. ಅದು ಮುಚ್ಚಿದಾಗ ಮನೆಗಳಲ್ಲಿ ಏನಾಯ್ತು ಅಂತ ನಿಮ್ಮ ಅಜ್ಜಿಯರನ್ನ ಕೇಳಿದ್ರೆ ಹೇಳ್ತಾರೆ. ಈ ಅಂಕಲ್ ಒಂದು ಸಣ್ಣ ಲೇತ್ ಹಾಕ್ಕೊಂಡು ಜೀವನ ನಡೆಸಿದ್ರು.

ಅವರ ಕೈಗುಣ ಗೊತ್ತಿದ್ದ ಬೆಂಗಳೂರಿನ ಒಂದು ಗ್ಯಾರೇಜ್‌ನವರು ಹಳೆ ಕಾರಿನ ಭಾಗಗಳನ್ನ ಇವರ ಹತ್ತಿರ ಮಾಡಿಸ್ಕೊಳ್ತಾರೆ. ಒಂದು ಸಲ 1950ರ ದಶಕದ ಕ್ಯಾಡಿಲಾಕ್‌ಗೆ ಬೇಕಾದ ಒಂದು ಶಾಫ್ಟ್ ಕೊಡೋಕೆ ಹೋಗುವಾಗ ನನ್ನನ್ನೂ ಕರ್ಕೊಂಡು ಹೋದ್ರು. ಹಳೆ ಅಮೆರಿಕನ್ ಕಾರಿಗೆ ನಮ್ಮ ದೇಶದಲ್ಲಿ ಬಿಡಿಭಾಗ ಸಿಗೋದು ಎಷ್ಟು ಕಷ್ಟ ಅಂತ ಅಲ್ಲೇ ನನಗೆ ತಿಳಿದದ್ದು. ಜನರಲ್ ಮೋಟರ್ಸ್ ಕಂಪನಿ 1928ರಲ್ಲೇ ಬೊಂಬಾಯಿಯಲ್ಲಿ ಕಾರು ಜೋಡಿಸೋ ಕಾರ್ಖಾನೆ ಇಟ್ಟಿತ್ತು. ಸ್ವಾತಂತ್ರ್ಯ ಬಂದ ಮೇಲೆ, ಹೊರಗಿನಿಂದ ಭಾಗ ತಂದು ಬರೀ ಜೋಡಿಸೋ ಕಂಪನಿಗಳಿಗೆ ಇಲ್ಲಿ ಜಾಗ ಇಲ್ಲ ಅಂತ ಸರ್ಕಾರ ನಿರ್ಧಾರ ಮಾಡಿತು. 1950ರ ದಶಕದ ಮೊದಲರ್ಧದಲ್ಲೇ ಅವರು ಹೊರಟುಹೋದ್ರು. ಇಲ್ಲಿ ಉಳಿದ ಅಂಥ ಕಾರುಗಳಿಗೆ ಬಿಡಿಭಾಗ ಸಿಗಲಿಲ್ಲ, ಅವು ಕುಡಿಯೋ ಪೆಟ್ರೋಲಿಗೆ ದುಡ್ಡು ಸಾಲಲಿಲ್ಲ. ಎಷ್ಟೋ ಕಾರು ಶೆಡ್ಡಿನಲ್ಲೇ ಕೊಳೆತವು.

ಆ ಗ್ಯಾರೇಜಿನಲ್ಲಿ ನಾನು ನೋಡಿದ ಕಾರಿನ ಬಣ್ಣ ಮೇಲಿಂದ ಪರವಾಗಿಲ್ಲ ಅನ್ನೋ ಹಾಗಿತ್ತು. ಮೇಸ್ತ್ರಿ ಒಂದು ಸಣ್ಣ ಅಯಸ್ಕಾಂತ ತಗೊಂಡು, ಬಟ್ಟೆ ಸುತ್ತಿ, ಬಾಗಿಲ ಮೇಲೆ ಇಟ್ರು. ಹಿಡ್ಕೊಳ್ತು. ಸ್ವಲ್ಪ ಕೆಳಗೆ ಇಟ್ರು. ಜಾರಿ ಬಿತ್ತು. "ಇಲ್ಲಿ ತಗಡಿಲ್ಲ, ಬರೀ ಪುಟ್ಟಿ" ಅಂದ್ರು. ಯಾರೋ ಎಂದೋ ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಹೊಡೆದು ಕೊಟ್ಟಿದ್ರು. ತುಕ್ಕು ಒಳಗೊಳಗೇ ತಿಂತಾ ಬಂದಿತ್ತು. ಬಣ್ಣ ಹೊಡೆದದ್ದರಿಂದ ತುಕ್ಕು ನಿಂತಿರಲಿಲ್ಲ, ಕಾಣದ ಹಾಗೆ ಆಗಿತ್ತು, ಅಷ್ಟೇ.

ಭಾನುವಾರ ಬೆಳಿಗ್ಗೆ ನಮ್ಮ ಬಣ್ಣ ಚೆನ್ನಾಗಿರುತ್ತೆ. ಇಸ್ತ್ರಿ ಮಾಡಿದ ಶರ್ಟು, ಕೈ ಎತ್ತಿ ಆರಾಧನೆ, ಸ್ಟೇಟಸ್‌ನಲ್ಲಿ ವಚನ. ಪವಿತ್ರಾತ್ಮನು ಅಯಸ್ಕಾಂತ ತಗೊಂಡು ಬಂದು ಎಲ್ಲಿ ಇಡ್ತಾನೆ? ರಾತ್ರಿ ಹನ್ನೊಂದು ಗಂಟೆಗೆ ನಿನ್ನ ಮೊಬೈಲಿನ ಮೇಲೆ ಇಡ್ತಾನೆ. ಅಮ್ಮನಿಗೆ ಹೇಳದೆ ತಗೊಂಡ ಸಾಲದ ಮೇಲೆ ಇಡ್ತಾನೆ. ಹಿಡ್ಕೊಳ್ಳುತ್ತಾ, ಜಾರುತ್ತಾ?

ಆಮೇಲೆ ಆ ಮೇಸ್ತ್ರಿ ಮಾಡೋ ಕೆಲಸ ರೀಲ್ಸ್‌ನಲ್ಲಿ ಅರ್ಧ ಸೆಕೆಂಡ್ ತೋರಿಸ್ತಾರೆ. ನಿಜದಲ್ಲಿ ಅದಕ್ಕೆ ತಿಂಗಳುಗಟ್ಟಲೆ ಬೇಕು. ಬಂಪರ್, ಬಾಗಿಲು, ಗಾಜು, ಸೀಟು ಎಲ್ಲ ಬಿಚ್ತಾರೆ. ಒಂದೊಂದು ನಟ್ಟು ಬೋಲ್ಟಿಗೂ ಚೀಟಿ ಕಟ್ಟಿ ಇಡ್ತಾರೆ. ಹಳೆ ಬಣ್ಣ ಕೆರೆದು ಬರೀ ತಗಡು ಕಾಣೋವರೆಗೂ ಹೋಗ್ತಾರೆ. ಕೊಳೆತ ಭಾಗ ಕತ್ತರಿಸಿ, ಹೊಸ ತಗಡು ಬೆಸುಗೆ ಹಾಕ್ತಾರೆ. ಆ ಹಂತದಲ್ಲಿ ಕಾರು ನೋಡಿದ್ರೆ ನಿಮಗೆ ಅನ್ಸೋದು, ಅಯ್ಯೋ, ಇದು ಬಂದಾಗ ಇದ್ದದ್ದೇ ಚೆನ್ನಾಗಿತ್ತು ಅಂತ. ಕೆಲಸ ಸರಿಯಾಗಿ ಸಾಗ್ತಾ ಇರೋವಾಗಲೇ ಕಾರು ನೋಡೋಕೆ ಅತಿ ಕೆಟ್ಟದಾಗಿರುತ್ತೆ. ಇದನ್ನ ನೆನಪಿಡ್ರಿ.

ಎಲ್ಲ ಕೆರೆದಾಗ ಒಳಗೆ ಒಂದು ಸಣ್ಣ ಲೋಹದ ಪಟ್ಟಿ ಸಿಗುತ್ತೆ. ಕಾರ್ಖಾನೆಯಲ್ಲೇ ಹೊಡೆದದ್ದು. ಇದು ಯಾವ ಮಾದರಿ, ಮೊದಲು ಯಾವ ಬಣ್ಣ ಇತ್ತು, ಒಳಗಿನ ಸೀಟಿನ ಬಟ್ಟೆ ಯಾವುದು ಅನ್ನೋದೆಲ್ಲ ಅದರಲ್ಲಿ ಸಂಕೇತದಲ್ಲಿ ಇರುತ್ತೆ. ನಡುವೆ ಕೊಂಡವರು ಎಷ್ಟು ಬಣ್ಣ ಬದಲಾಯಿಸಿದ್ರೂ ಪಟ್ಟಿ ಹೇಳೋದು ಮೂಲವನ್ನೇ. ಆದಿಕಾಂಡ 1:27 ನಮ್ಮ ಆ ಪಟ್ಟಿ. ದೇವರು ಮನುಷ್ಯನನ್ನ ತನ್ನ ಸ್ವರೂಪದಲ್ಲಿ ಉಂಟುಮಾಡಿದ. ನಿನ್ನ ಮೇಲೆ ಲೋಕ ಎಷ್ಟು ಪದರ ಬಣ್ಣ ಬಳಿದಿದ್ರೂ, "ಕುಡುಕನ ಮಗ", "ಫೇಲ್ ಆದವಳು", "ಸಾಲಗಾರ" ಅಂತ ಏನೇ ಬರೆದಿದ್ರೂ, ಕೆಳಗೆ ಆ ಪಟ್ಟಿ ಇದೆ. ಸರಿಮಾಡೋದು ಅಂದ್ರೆ ಆ ಮೂಲಕ್ಕೆ ತರೋದು. ಆಮೆನ್ ಹೇಳ್ರಿ!

ಮೂರು: ಕೆಂಡದ ಹತ್ತಿರ ಮತ್ತೆ

ಈಗ ಯೋಹಾನ 21. ಪೇತ್ರನು ಮೂರು ಸಲ ಯೇಸುವನ್ನ ಅರಿಯೆ ಅಂದವನು. ಎಲ್ಲಿ ನಿಂತು ಅಂದ? ಯೋಹಾನ 18:18 ನೋಡಿ. ಮಹಾಯಾಜಕನ ಅಂಗಳದಲ್ಲಿ ಕೆಂಡದ ಬೆಂಕಿ ಕಾಯಿಸ್ಕೊಳ್ತಾ ನಿಂತಿದ್ದ. ಈಗ 21:9. ಶಿಷ್ಯರು ದಡಕ್ಕೆ ಬಂದಾಗ ಯೇಸು ಅಲ್ಲಿ ಕೆಂಡ ಮಾಡಿ, ಮೀನು ಇಟ್ಟು, ಕಾಯ್ತಾ ಇದ್ದಾನೆ. ಕೆಂಡದ ಬೆಂಕಿಗೆ ಇಟ್ಟ ಅದೇ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಈ ಎರಡು ಕಡೆ ಮಾತ್ರ ಬರುತ್ತೆ.

ಆ ಹೊಗೆಯ ವಾಸನೆ ಮೂಗಿಗೆ ಬಡಿದಾಗ ಪೇತ್ರನಿಗೆ ಏನು ನೆನಪಾಗಿರಬೇಕು! ಯೇಸು ಆ ವಿಷಯ ಮುಚ್ಚಿ ಮೇಲೆ ಬಣ್ಣ ಹೊಡೆಯಲಿಲ್ಲ. ಅದೇ ಬೆಂಕಿಯ ಹತ್ತಿರ ಕೂರಿಸಿದ. ಮೊದಲು ಊಟ ಕೊಟ್ಟ. ಆಮೇಲೆ ಮೂರು ಸಲ ಜಾರಿದವನನ್ನ ಮೂರು ಸಲ ಕೇಳಿದ, ನೀನು ನನ್ನನ್ನ ಪ್ರೀತಿಸ್ತೀಯಾ ಅಂತ. ಮೂರನೇ ಸಲ ಕೇಳಿದಾಗ ಪೇತ್ರನಿಗೆ ನೋವಾಯ್ತು ಅಂತ ಬರೆದಿದೆ. ತಗಡು ಕಾಣೋವರೆಗೂ ಕೆರೆದಾಗ ನೋವಾಗುತ್ತೆ. ಆದ್ರೆ ಗಮನಿಸ್ರಿ, ಊಟ ಮೊದಲು, ಪ್ರಶ್ನೆ ಆಮೇಲೆ. ನಾವು ಪ್ರಶ್ನೆ ಮೊದಲು ಕೇಳ್ತೀವಿ. ಎಷ್ಟೋ ಸಲ ಊಟ ಕೊಡೋದೇ ಇಲ್ಲ.

ನಾಲ್ಕು: ಜಾಸ್ತಿ ತೆಗೆದ್ರೆ ವಾಪಸ್ ಬರಲ್ಲ

ಈಗ ಆ ಮಗನ ವಿಷಯ. ಅವನ ಒಪ್ಪಿಗೆ ತಗೊಂಡೇ ಮಾತಾಡ್ತಾ ಇದ್ದೀನಿ. ಅವನು ಇವತ್ತು ಇಲ್ಲಿ ಬಂದಿಲ್ಲ, ಯಾರೂ ತಿರುಗಿ ಹುಡುಕಬೇಡಿ. ಒಳ್ಳೆ ಕೀಬೋರ್ಡ್ ನುಡಿಸ್ತಿದ್ದ. ಕ್ರಿಕೆಟ್ ಸೀಸನ್‌ನಲ್ಲಿ ಫ್ರೆಂಡ್ಸ್ ಜೊತೆ ನೂರು ರೂಪಾಯಿ ಬೆಟ್ಟಿಂಗ್‌ನಿಂದ ಶುರುವಾಯ್ತು. ಆಮೇಲೆ ಆ್ಯಪ್, ಆಮೇಲೆ ಆ್ಯಪ್‌ನಲ್ಲೇ ಸಾಲ. ಅಕ್ಕನ ಮದುವೆಗೆ ಇಟ್ಟಿದ್ದ ದುಡ್ಡಿಗೂ ಕೈ ಹಾಕಿದ. ಎಂಟು ತಿಂಗಳು ಸಭೆಗೆ ಬರಲಿಲ್ಲ. ಒಂದು ಭಾನುವಾರ ಬಂದು, ಚಪ್ಪಲಿ ಬಿಡೋ ಜಾಗದ ಪಕ್ಕ ಕೂತು, ಕೊನೆ ಪ್ರಾರ್ಥನೆಗೆ ಮೊದಲೇ ಎದ್ದು ಹೋದ.

ಆ ವಾರ ನನಗೆ ಬಂದ ಫೋನ್‌ಗಳಲ್ಲಿ ಎರಡು ಥರದ ಮಾತಿತ್ತು. ಕೆಲವರು, "ಪಾಸ್ಟರ್, ಅವನ ಸಹವಾಸ ನಮ್ಮ ಮಕ್ಕಳಿಗೆ ಬೇಡ" ಅಂದ್ರು. ಇದು ಗುಜರಿ. ಇನ್ನು ಕೆಲವರು ಪ್ರೀತಿಯಿಂದಲೇ, "ಬರೋ ಭಾನುವಾರ ಸ್ಟೇಜ್ ಮೇಲೆ ಸಾಕ್ಷಿ ಹೇಳಿಸಿ, ಕೀಬೋರ್ಡ್ ವಾಪಸ್ ಕೊಡಿ, ಎಲ್ಲ ಸರಿಹೋಗುತ್ತೆ" ಅಂದ್ರು. ಇದು ಪುಟ್ಟಿ ಮೆತ್ತಿ ಬಣ್ಣ ಹೊಡೆಯೋದು. ಎರಡೂ ಬೇಗ ಮುಗಿಯೋ ಕೆಲಸ. ಎರಡರಲ್ಲೂ ನಮ್ಮ ಕೈಗೆ ಗ್ರೀಸ್ ಅಂಟಲ್ಲ.

ಪೌಲನು ಗಲಾತ್ಯ 6:1ರಲ್ಲಿ ಬಳಸಿದ ಗ್ರೀಕ್ ಪದ "ಕತಾರ್ತಿಜೋ". ಇದೇ ಪದ ಮತ್ತಾಯ 4:21ರಲ್ಲೂ ಇದೆ. ಅಲ್ಲಿ ಯಾಕೋಬ, ಯೋಹಾನ ತಮ್ಮ ತಂದೆ ಜೆಬೆದಾಯನ ಜೊತೆ ದೋಣಿಯಲ್ಲಿ ಕೂತು ಬಲೆ ಸರಿಮಾಡ್ತಾ ಇದ್ರು. ಹರಿದ ಬಲೆಯನ್ನ ಗಂಟು ಗಂಟಾಗಿ ಕೂಡಿಸೋದಕ್ಕೂ, ಬಿದ್ದ ಸಹೋದರನನ್ನ ಎತ್ತೋದಕ್ಕೂ ಒಂದೇ ಪದ. ತುಂಗಭದ್ರಾ ದಂಡೆಯಲ್ಲಿ ಬಲೆ ಹೊಲಿಯೋರನ್ನ ನೋಡಿ. ಕೂತ್ಕೊಂಡು ಮಾಡೋ ಕೆಲಸ ಅದು. ಓಡ್ತಾ ಓಡ್ತಾ ಮಾಡೋಕಾಗಲ್ಲ.

ನಾನು ಆ ಟರ್ನರ್ ಅಂಕಲ್ ಹತ್ತಿರ ಹೋಗಿ ಈ ಹುಡುಗನ ಜೊತೆ ನಿಲ್ತೀರಾ ಅಂತ ಕೇಳಿದೆ. ಅವರು ಲೇತ್ ಮೇಲೆ ಏನೋ ಕೆಲಸ ಮಾಡ್ತಾ ಇದ್ರು. ಕಬ್ಬಿಣದ ತುಂಡು ತಿರುಗ್ತಾ ಇದೆ, ಇವರು ಕೂದಲಷ್ಟು ಕೊರೆದು, ನಿಲ್ಲಿಸಿ, ಮೈಕ್ರೋಮೀಟರ್ ಹಿಡಿದು ನೋಡ್ತಾರೆ. ಮತ್ತೆ ಕೂದಲಷ್ಟು. ಮತ್ತೆ ಅಳತೆ. ಇಷ್ಟು ನಿಧಾನ ಯಾಕೆ ಅಂಕಲ್ ಅಂದೆ. "ಪಾಸ್ಟರೇ, ಕಮ್ಮಿ ತೆಗೆದ್ರೆ ಇನ್ನೊಂಚೂರು ತೆಗೀಬಹುದು. ಜಾಸ್ತಿ ತೆಗೆದ್ರೆ ವಾಪಸ್ ಹಾಕಾಕ್ ಬರಂಗಿಲ್ರಿ" ಅಂದ್ರು.

ಪೌಲನು ಹೇಳೋ ಸಾತ್ವಿಕ ಭಾವ ಇದೇ. ತಪ್ಪನ್ನ ತಪ್ಪು ಅಂತ ಹೇಳೋದು ಬಿಡೋದಲ್ಲ. ಉಳಿ ಇಟ್ಟೇ ಇಡ್ತಾರೆ, ಕೊರೆದೇ ಕೊರೀತಾರೆ. ಆದ್ರೆ ಎಷ್ಟು ಕೊರೀಬೇಕು ಅಂತ ಅಳೆದು ಕೊರೀತಾರೆ. ಒಬ್ಬ ಇಪ್ಪತ್ತು ವರ್ಷದ ಹುಡುಗನಿಗೆ ಎಲ್ಲರೆದುರು ನಾವು ಆಡಿದ ಒಂದು ಮಾತು, ಅವನಿಂದ ಜಾಸ್ತಿ ತೆಗೆದುಬಿಟ್ರೆ, ಆಮೇಲೆ ನೂರು ಸಾರಿ ಸಾರಿ ಅಂದ್ರೂ ವಾಪಸ್ ಹಾಕೋಕೆ ಬರಲ್ಲ.

ಅಂಕಲ್ ಮೊದಲ ದಿನ ಅವನಿಗೆ ಉಪದೇಶ ಮಾಡಲಿಲ್ಲ. ಮಂಡಕ್ಕಿ, ಮಿರ್ಚಿ ತರಿಸಿ ಜೊತೆ ಕೂತು ತಿಂದ್ರು. ಎರಡನೇ ವಾರ ಒಂದು ನೋಟ್‌ಬುಕ್ ಕೊಟ್ಟು, ಯಾರ್ಯಾರಿಗೆ ಎಷ್ಟೆಷ್ಟು ಕೊಡಬೇಕು ಬರಿ ಅಂದ್ರು. ಅವನು ಬರೆದ. ಅಂದ್ರೆ ಎಲ್ಲ ಬಿಚ್ಚಿ, ಚೀಟಿ ಕಟ್ಟಿ, ನೆಲದ ಮೇಲೆ ಇಟ್ಟ ಹಾಗೆ. ಆ ಪಟ್ಟಿ ಹಿಡಿದು ಇಬ್ಬರೂ ಅವನ ಅಪ್ಪ ಅಮ್ಮನ ಮುಂದೆ, ಆಮೇಲೆ ಅಕ್ಕನ ಮುಂದೆ ಕೂತ್ರು. ಆ ದಿನ ಆ ಮನೆಯಲ್ಲಿ ತುಂಬಾ ಅಳು ಇತ್ತು. ಅಕ್ಕ ಇನ್ನೂ ಅವನ ಜೊತೆ ಸರಿಯಾಗಿ ಮಾತಾಡಲ್ಲ. ಅವಳಿಗೂ ಸಮಯ ಬೇಕು. ಕ್ಷಮಿಸಮ್ಮಾ, ಬೇಗ ಕ್ಷಮಿಸು ಅಂತ ನಾವ್ಯಾರೂ ಅವಳನ್ನ ತಳ್ಳೋದು ಬೇಡ.

ಈಗ ಅವನು ಸಾಯಂಕಾಲ ಅಂಕಲ್ ಶೆಡ್ಡಿನಲ್ಲಿ ಕೆಲಸ ಮಾಡ್ತಾನೆ, ಸಾಲ ತೀರಿಸ್ತಾ ಇದ್ದಾನೆ. ಮೂವತ್ತು ಸೆಕೆಂಡಿನ ರೀಲ್ ಆಗಿದ್ರೆ ಇಲ್ಲಿಗೆ ಮ್ಯೂಸಿಕ್ ಜೋರಾಗಿ ಮುಗೀತಿತ್ತು. ಹೋದ ತಿಂಗಳು ಅವನು ಮತ್ತೆ ಆಡಿದ. ಸೋತ. ರಾತ್ರಿ ಹನ್ನೊಂದೂವರೆಗೆ ಅಂಕಲ್‌ಗೆ ಫೋನ್ ಮಾಡಿ, "ತಾತ, ಮತ್ತೆ ಬಿದ್ದೆ" ಅಂತ ಅತ್ತ. ಅಂಕಲ್ ತಮ್ಮ ಹಳೆ ಗಾಡಿ ತೆಗೆದು ಆ ಹೊತ್ತಿಗೇ ಅವನ ಮನೆಗೆ ಹೋದ್ರು.

ಕೆಲವರಿಗೆ ಈಗ ಅನ್ನಿಸ್ತಾ ಇದೆ, ನೋಡಿದ್ರಾ, ನಾವು ಹೇಳಿರಲಿಲ್ವಾ ಅಂತ. ಅವರಿಗೆ ಇದೇ ಗಲಾತ್ಯ ಪತ್ರದ ಎರಡನೇ ಅಧ್ಯಾಯ ತೋರಿಸ್ತೀನಿ. ಕೆಂಡದ ಹತ್ತಿರ ಸರಿಯಾದ ಪೇತ್ರ, ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮಭರಿತನಾಗಿ ಪ್ರಸಂಗ ಮಾಡಿದ ಪೇತ್ರ, ಅಂತಿಯೋಕ್ಯದಲ್ಲಿ ಮತ್ತೆ ಜನರಿಗೆ ಹೆದರಿದ. ಅನ್ಯಜನರ ಜೊತೆ ಊಟ ಮಾಡ್ತಿದ್ದವನು ಹಿಂದೆ ಸರಿದ. ಮತ್ತೆ ಅದೇ ರೋಗ, ಮನುಷ್ಯರ ಭಯ! ಪೌಲನು ಅವನ ಮುಖಕ್ಕೇ ತಪ್ಪು ಅಂತ ಹೇಳಿದ. ಗುಜರಿಗೆ ಹಾಕಲಿಲ್ಲ. ಎರಡನೇ ಪೇತ್ರ 3:15ಕ್ಕೆ ಬಂದ್ರೆ, ಪೇತ್ರನು ಅದೇ ಪೌಲನನ್ನ ಪ್ರಿಯ ಸಹೋದರ ಅಂತ ಕರೀತಾನೆ. ಸರಿಯಾದ ಅಳತೆಯಲ್ಲಿ ತಿದ್ದಿಸಿಕೊಂಡವನ ಬಾಯಲ್ಲಿ ಈ ಮಾತು ಬರುತ್ತೆ. ದೇವರಿಗೆ ಸ್ತೋತ್ರ!

ಐದು: ಮ್ಯೂಸಿಯಂಗೆ ಅಲ್ಲ, ರಸ್ತೆಗೆ

ಇಲ್ಲಿ ಕಾರಿನ ಹೋಲಿಕೆ ಕೈಬಿಡುತ್ತೆ. ಅದನ್ನೂ ಪ್ರಾಮಾಣಿಕವಾಗಿ ಹೇಳಿಬಿಡ್ತೀನಿ. ಧರ್ಮಸ್ಥಳದಲ್ಲಿ ಹಳೆ ಕಾರುಗಳನ್ನ ಕೂಡಿಟ್ಟಿದ್ದಾರೆ, ಶ್ರೀರಂಗಪಟ್ಟಣದ ಹತ್ತಿರ "ಪಯಣ" ಅನ್ನೋ ಕಾರ್ ಮ್ಯೂಸಿಯಂ ಇದೆ. ಹೋಗಿ ನೋಡಿ, ತುಂಬಾ ಚೆನ್ನಾಗಿ ಕಾಪಾಡಿದ್ದಾರೆ. ಆದ್ರೆ ಅಂಥ ಕಾರುಗಳ ಮುಂದಿನ ಜೀವನ ಏನು? 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ನಂಬರ್ ಪ್ಲೇಟಿನಲ್ಲಿ "ವಿಎ" ಅಂತ ಅಕ್ಷರ ಬರುತ್ತೆ. ಆದ್ರೆ ಆ ಗಾಡಿಯನ್ನ ದಿನಾ ಓಡಿಸೋ ಹಾಗಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ ಹೋಗಬಹುದು, ಅಷ್ಟೇ.

ದೇವರು ಯಾರಿಗೂ ವಿಎ ನಂಬರ್ ಕೊಡೋಕೆ ಸರಿಮಾಡಲ್ಲ. ಕನ್ವೆನ್ಷನ್ ಬಂದಾಗ ಮಾತ್ರ ಹೊರಗೆ ತಂದು, ಸ್ಟೇಜ್ ಮೇಲೆ ನಿಲ್ಲಿಸಿ, ಚಪ್ಪಾಳೆ ಹೊಡೆದು, ಮತ್ತೆ ಕವರ್ ಹಾಕಿ ಇಡೋಕೆ ನಾವು ಪ್ರದರ್ಶನದ ವಸ್ತುಗಳಲ್ಲ. ಯೇಸು ಪೇತ್ರನಿಗೆ ಕೊನೆಗೆ ಹೇಳಿದ್ದೇನು? ನನ್ನ ಕುರಿಗಳನ್ನ ನೋಡಿಕೋ, ಮೇಯಿಸು ಅಂತ. ದಿನನಿತ್ಯದ ಕೆಲಸ ಕೊಟ್ಟ. ಮಳೆಯಲ್ಲಿ, ಕೆಸರಲ್ಲಿ, ಗುಂಡಿ ಬಿದ್ದ ರಸ್ತೆಯಲ್ಲಿ ಓಡೋ ಜೀವನ ಕೊಟ್ಟ.

ಇನ್ನೊಂದು ಮಾತು, ಇದೇ ಮುಖ್ಯ. ಜನ ಕ್ಯಾಡಿಲಾಕ್ ಯಾಕೆ ರಿಸ್ಟೋರ್ ಮಾಡ್ತಾರೆ? ಅದು ಅಪರೂಪ. ಹಾಕಿದ ದುಡ್ಡಿಗೆ ಬೆಲೆ ಇದೆ. ನಿಮ್ಮ ಅಪ್ಪ ಓಡಿಸಿದ ಲೂನಾ ಎಲ್ಲಿದೆ? ಗುಜರಿಗೆ ಹೋಯ್ತು. ಯಾಕಂದ್ರೆ ಸರಿಮಾಡೋ ಖರ್ಚು ಗಾಡಿಯ ಬೆಲೆಗಿಂತ ಜಾಸ್ತಿ. ಲೋಕದ ಲೆಕ್ಕ ಹಾಗೆ. ಲಕ್ಷುರಿ ಆದ್ರೆ ಉಳಿಸ್ತೀವಿ, ಸಾದಾ ಆದ್ರೆ ಎಸೀತೀವಿ. ಸಭೆಯಲ್ಲೂ ಇದು ನುಸುಳುತ್ತೆ. ಪ್ರತಿಭೆ ಇರೋ ಹುಡುಗ ಬಿದ್ರೆ ಎಲ್ಲರೂ ಓಡ್ತೀವಿ. ಹಾಡೋಕೆ ಬರದ, ಮಾತಾಡೋಕೆ ಬರದ, ಹಿಂದೆ ಕೂತು ಹೋಗೋ ತಂಗಿ ಮೂರು ತಿಂಗಳು ಬರದೇ ಇದ್ರೆ ಯಾರಿಗಾದ್ರೂ ಗೊತ್ತಾಯ್ತಾ?

ಲೂಕ 15 ತೆರೆದು ಲೆಕ್ಕ ಹಾಕ್ರಿ. ನೂರರಲ್ಲಿ ತೊಂಬತ್ತೊಂಬತ್ತು ಇದೆ. ಕಳೆದುಹೋದ ಒಂದು ಕುರಿ ಪ್ರಶಸ್ತಿ ಗೆದ್ದ ಕುರಿ ಅಂತ ಎಲ್ಲೂ ಬರೆದಿಲ್ಲ. ಕುರುಬನು ಅದನ್ನ ಹುಡುಕಿದ್ದು ಅದು ತನ್ನದು ಅಂತ. ನಮಗೋಸ್ಕರ ದೇವರು ಮಾಡಿದ ಖರ್ಚು ತನ್ನ ಮಗನ ರಕ್ತ. ನಾವು ಆ ಬೆಲೆಗೆ ಬಾಳೋ ಗಾಡಿಗಳಾ? ಅಲ್ಲ. ನಾವು ಲೂನಾ. ಆತನು ಲೂನಾಗೆ ಕ್ಯಾಡಿಲಾಕ್‌ಗಿಂತ ಹೆಚ್ಚು ಖರ್ಚು ಮಾಡಿದ. ಇದಕ್ಕೆ ಬೈಬಲ್ ಇಟ್ಟ ಹೆಸರು ಕೃಪೆ. ಹಲ್ಲೆಲೂಯಾ!

ನಾವೇನು ಮಾಡಬೇಕು?

ಈ ಕ್ಯಾಡಿಲಾಕ್ ಕಂಪನಿಯದೇ ಒಂದು ಕೊನೆ ಸಂಗತಿ. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಇವರ ಮೂರು ಕಾರುಗಳನ್ನ ಪೂರ್ತಿ ಬಿಚ್ಚಿದ್ರು. ಭಾಗಗಳನ್ನೆಲ್ಲ ಒಂದೇ ರಾಶಿ ಮಾಡಿ ಬೆರೆಸಿದ್ರು. ಕೆಲವು ಭಾಗ ತೆಗೆದುಹಾಕಿ, ಅಂಗಡಿಯ ದಾಸ್ತಾನಿನಿಂದ ಬೇರೆ ತಂದು ಹಾಕಿದ್ರು. ಅರ ಹಾಕಿ ಉಜ್ಜೋ ಹಾಗಿಲ್ಲ, ಬರೀ ಸ್ಪ್ಯಾನರ್, ಸ್ಕ್ರೂಡ್ರೈವರ್. ಮತ್ತೆ ಮೂರು ಕಾರು ಜೋಡಿಸಿ 500 ಮೈಲಿ, ಅಂದ್ರೆ ಸುಮಾರು 800 ಕಿಲೋಮೀಟರ್ ಓಡಿಸಿದ್ರು. ಮೂರೂ ಓಡಿದವು. ಯಾಕೆ? ಎಲ್ಲ ಭಾಗವೂ ಒಂದೇ ಅಳತೆಗೆ ಮಾಡಿದ್ದು. ಒಂದರಲ್ಲಿ ಇಲ್ಲದ್ದನ್ನ ಇನ್ನೊಂದು ತುಂಬಬಹುದಿತ್ತು.

ಗಲಾತ್ಯ 6:2 ಹೇಳೋದು ಇದನ್ನೇ: ಒಬ್ಬರ ಭಾರ ಒಬ್ಬರು ಹೊರ್ರಿ. ಕ್ರಿಸ್ತನ ಅಳತೆಗೆ ಮಾಡಲ್ಪಟ್ಟ ನಾವು ಒಬ್ಬರ ಖಾಲಿ ಜಾಗಕ್ಕೆ ಇನ್ನೊಬ್ಬರು ಕೂರಬಹುದು. ಸಾಲದಿಂದ ಹೊರಗೆ ಬಂದವರು ಇಲ್ಲಿದ್ದೀರಿ. ಕುಡಿತದಿಂದ, ಪೋರ್ನ್‌ನಿಂದ, ಸಾಯಬೇಕು ಅನ್ನೋ ಯೋಚನೆಯಿಂದ ಬಿಡುಗಡೆ ಆದವರು ಇದ್ದೀರಿ. ಎರಡನೇ ಕೊರಿಂಥ 1:4ರ ಪ್ರಕಾರ ನಿಮಗೆ ಸಿಕ್ಕ ಆದರಣೆ ನಿಮ್ಮೊಬ್ಬರಿಗೆ ಸಿಕ್ಕದ್ದಲ್ಲ.

ಹಾಗಾಗಿ ಮೂರು ಕೆಲಸ. ಒಂದು, ಈ ವಾರ ಸಭೆಗೆ ಬರೋದು ನಿಲ್ಲಿಸಿದ ಒಬ್ಬರ ಹೆಸರು ಬರೀರಿ, ಫೋನ್ ಮಾಡಿ, "ಯಾಕೆ ಬರ್ತಿಲ್ಲ" ಅಂತ ಕೇಳಬೇಡಿ, "ದೋಸೆ ತಿನ್ನೋಣ ಬಾ" ಅನ್ನಿ. ಎರಡು, ಅವರು ಹೇಳಿದ್ದು ಯಾವ ಗ್ರೂಪಿಗೂ ಹೋಗಬಾರದು. "ಪ್ರಾರ್ಥನೆ ವಿಷಯ" ಅಂತ ಹೆಸರಿಟ್ಟೂ ಹೋಗಬಾರದು. ಮೂರು, ನಿನ್ನೊಳಗೇ ಅಯಸ್ಕಾಂತ ಜಾರೋ ಜಾಗ ಇದ್ರೆ, ಇವತ್ತು ಮನೆಗೆ ಹೋಗೋ ಮುಂಚೆ ನಂಬಿಕಸ್ಥ ಒಬ್ಬ ಹಿರಿಯರಿಗೆ ಹೇಳು. ಸಾಯಬೇಕು ಅನ್ನಿಸ್ತಾ ಇದ್ರೆ ನನಗೆ ಹೇಳು, ನಿನ್ನ ಮನೆಯವರಿಗೆ ಹೇಳು, ಡಾಕ್ಟರ ಹತ್ತಿರ ಹೋಗೋಣ, ನಾನೇ ಜೊತೆ ಬರ್ತೀನಿ. ಪ್ರಾರ್ಥನೆಯೂ ಮಾಡೋಣ, ಡಾಕ್ಟರನ್ನೂ ನೋಡೋಣ.

ಎಲ್ಲರೂ ಎದ್ದು ನಿಲ್ಲಿ. ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಮ್ಮನ್ನು ಗುಜರಿಗೆ ಹಾಕದ ನಿನ್ನ ಕೃಪೆಗಾಗಿ ಸ್ತೋತ್ರ. ಮೇಲೆ ಬಣ್ಣ ಬಳಿದುಕೊಂಡು ಬದುಕುವ ಆಯಾಸದಿಂದ ಈ ಮಕ್ಕಳನ್ನು ಬಿಡಿಸು ಕರ್ತನೇ. ಇನ್ನೂ ಬಿಚ್ಚಿದ ಸ್ಥಿತಿಯಲ್ಲಿರುವ ನಮ್ಮ ತಮ್ಮನಿಗೆ ಈ ರಾತ್ರಿ ಬಲ ಕೊಡು. ಅವನ ಅಕ್ಕನ ಗಾಯವನ್ನು ನೀನೇ ಮುಟ್ಟು. ನಮ್ಮ ಕೈಗಳಿಗೆ ಸಾತ್ವಿಕತೆ ಕಲಿಸು, ನಮ್ಮ ಮಾತಿಗೆ ಅಳತೆ ಕೊಡು. ನೀನು ಶುರುಮಾಡಿದ ಒಳ್ಳೆಯ ಕೆಲಸವನ್ನು ನೀನೇ ಪೂರೈಸುವೆ ಎಂದು ನಂಬುತ್ತೇವೆ. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.